ರಾಕೆಟ್ಟಿನ ಲೆಕ್ಕ ಬರೆದ ಮೇಷ್ಟ್ರು

ಕೈಲಾಗದ ಕೆಲಸಕ್ಕೆ ಕೈಹಾಕುವವನನ್ನು ಕಂಡರೆ ಆಕಾಶಕ್ಕೆ ಏಣಿ ಹಾಕುತ್ತಿದ್ದಾನೆಂದು ನಮ್ಮ ಜನ ನಗುವುದುಂಟು. ರಷ್ಯಾದ ಒಂದು ಸಣ್ಣ ಊರಿನಲ್ಲಿ ಮಕ್ಕಳಿಗೆ ಅಂಕಗಣಿತ ಹೇಳಿಕೊಡುತ್ತಿದ್ದ ಕಿವುಡ ಉಪಾಧ್ಯಾಯನೊಬ್ಬನು ಈ ಏಣಿಯ ಮಾತನ್ನು ನಗೆಯ ಮಾತೆಂದು ಬಗೆಯಲಿಲ್ಲ. ಪ್ಯಾರಿಸ್ಸಿನ ಐಫೆಲ್ ಗೋಪುರವನ್ನು ಮನಸ್ಸಿನಲ್ಲಿಟ್ಟುಕೊಂಡು, ನೆಲದಿಂದ ಅಂತರಿಕ್ಷದವರೆಗೆ ನಿಂತ ಗೋಪುರವೊಂದನ್ನು ಆತನು ೧೮೯೫ರಲ್ಲಿ ಕಲ್ಪಿಸಿದನು; ಅದನ್ನು ಏರಿದಂತೆಲ್ಲ ಮನುಷ್ಯನ ತೂಕ ಹೇಗೆ ಕುಂದುತ್ತ ಹೋಗುವುದೆಂದು ಯೋಚಿಸಿದನು. ಗೋಪುರವು ಕಲ್ಪನೆಯಾಗಿಯೇ ಉಳಿಯಿತು. ಆದರೆ ಎರಡು ವರ್ಷಗಳ ತರುವಾಯ ಆತನು ಕಾಗದದ ಮೇಲೆ ಬರೆದ ಒಂದು ಸಾಲಿನ ಸೂತ್ರವು ನಿಜವಾಗಿಯೂ ಏಣಿಯಾಯಿತು. ಇಂದಿನವರೆಗೆ ಅಂತರಿಕ್ಷಕ್ಕೆ ಹೋದ ಪ್ರತಿಯೊಂದು ರಾಕೆಟ್ಟೂ ಆ ಸೂತ್ರದ ಮೆಟ್ಟಿಲುಗಳನ್ನು ಹತ್ತಿಯೇ ಹೋಗಿದೆ.

ಆತನ ಹೆಸರು ಕಾನ್‌ಸ್ಟಾಂಟಿನ್ ಎಡ್ವರ್ಡೋವಿಚ್ ತ್ಸಿಯೋಲ್ಕೋವ್ಸ್ಕಿ. ಕಲಾ ವಿಭಾಗದ ವಿದ್ಯಾರ್ಥಿಗೆ ರಾಕೆಟ್ಟಿನ ಗೊಡವೆ ಏಕೆಂದು ಮಿತ್ರರು ಕೇಳಬಹುದು. ನನ್ನ ಉತ್ತರ ಇಷ್ಟೆ: ಈ ಮನುಷ್ಯನ ಬಳಿ ಕಾರ್ಖಾನೆ ಇರಲಿಲ್ಲ, ವಿಶ್ವವಿದ್ಯಾನಿಲಯದ ಪದವಿ ಇರಲಿಲ್ಲ, ಚೆನ್ನಾಗಿ ಕೇಳುವ ಕಿವಿಯೂ ಇರಲಿಲ್ಲ. ಇದ್ದುದು ಕಾಗದ, ಲೇಖನಿ ಮತ್ತು ಲೆಕ್ಕ. ಇತಿಹಾಸ ಮತ್ತು ಅರ್ಥಶಾಸ್ತ್ರಗಳನ್ನು ಓದುವ ನನಗೆ ಈತನ ಜೀವನವು ವಿಜ್ಞಾನದ ಕಥೆಯಾಗಿ ಕಂಡಂತೆಯೇ ಆಯವ್ಯಯದ ಪಾಠವಾಗಿಯೂ ಕಂಡಿತು. ಈಚಿನ ವರ್ಷಗಳಲ್ಲಿ ಮೀಥೇನ್ ಅನಿಲವನ್ನು ಉರಿಸುವ ಎಂಜಿನ್ನುಗಳನ್ನೂ, ಹಾರಿ ಹಿಂದಿರುಗಿ ಮತ್ತೆ ಹಾರುವ ರಾಕೆಟ್ಟುಗಳನ್ನೂ ಕಟ್ಟುವುದರಲ್ಲಿ ದೊಡ್ಡ ದೊಡ್ಡ ಕಂಪೆನಿಗಳು ಪೈಪೋಟಿ ನಡೆಸುತ್ತಿವೆ. ಅವುಗಳ ಮುಂದಿರುವ ಪ್ರಶ್ನೆಯನ್ನು ಮೊದಲು ಸರಿಯಾಗಿ ಕೇಳಿದವನು ಈ ಬಡ ಮೇಷ್ಟ್ರು.

ತ್ಸಿಯೋಲ್ಕೋವ್ಸ್ಕಿ ಹುಟ್ಟಿದುದು ೧೮೫೭ನೆಯ ಸೆಪ್ಟೆಂಬರ್ ೧೭ರಂದು, ರ್ಯಾಜಾನ್ ಪ್ರಾಂತದ ಇಜೆವ್‌ಸ್ಕೊಯೆ ಎಂಬ ಹಳ್ಳಿಯಲ್ಲಿ. ತಂದೆ ಎಡ್ವರ್ಡ್ ಪೋಲಿಷ್ ಮನೆತನದವನು. ಅರಣ್ಯ ಇಲಾಖೆಯಲ್ಲಿ ನೌಕರಿ. ತಾಯಿ ಮರಿಯಾ ಮಗನಿಗೆ ಅಕ್ಷರ ಕಲಿಸಿದವಳು. ಮನೆಯ ತುಂಬ ಮಕ್ಕಳು, ಕೈಯಲ್ಲಿ ಅಷ್ಟಕ್ಕಷ್ಟೇ ಹಣ. ಹುಡುಗನಿಗೆ ಹತ್ತು ವರ್ಷ ತುಂಬುವ ಸುಮಾರಿಗೆ ಸ್ಕಾರ್ಲೆಟ್ ಜ್ವರ ಬಂದಿತು. ಜೀವ ಉಳಿಯಿತು, ಕಿವಿ ಹೋಯಿತು. ತರಗತಿಯಲ್ಲಿ ಉಪಾಧ್ಯಾಯರು ಹೇಳುವುದು ಕೇಳದು, ಆಟದಲ್ಲಿ ಗೆಳೆಯರು ಕೂಗುವುದು ಕೇಳದು. ಮುಂದೆ ವ್ಯಾಟ್ಕಾ ಪಟ್ಟಣಕ್ಕೆ ಸಂಸಾರ ಹೋದ ಮೇಲೆ ೧೮೭೦ರಲ್ಲಿ ತಾಯಿ ತೀರಿಕೊಂಡಳು. ೧೮೭೩ರಲ್ಲಿ ಶಾಲೆಯೂ ನಿಂತಿತು. ಆ ತರುವಾಯ ಆತನು ಯಾವ ಶಾಲೆಯ ಬೆಂಚಿನ ಮೇಲೂ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಲಿಲ್ಲ.

ಮಗನ ಕೈಚಳಕವನ್ನೂ ಬುದ್ಧಿಯನ್ನೂ ಕಂಡ ತಂದೆ ಹದಿನಾರು ವರ್ಷದ ಹುಡುಗನನ್ನು ಮಾಸ್ಕೋ ನಗರಕ್ಕೆ ಕಳುಹಿಸಿದನು. ಅಲ್ಲಿ ಯಾವ ಕಾಲೇಜೂ ಆತನನ್ನು ಸೇರಿಸಿಕೊಳ್ಳಲಿಲ್ಲ. ಆತನು ಸೇರಿದುದು ಚೆರ್ಟ್ಕೋವ್ ಸಾರ್ವಜನಿಕ ಗ್ರಂಥಾಲಯವನ್ನು. ಅಲ್ಲಿ ಶುಲ್ಕವಿರಲಿಲ್ಲ, ಪ್ರವೇಶ ಪರೀಕ್ಷೆಯಿರಲಿಲ್ಲ. ಮೊದಲ ವರ್ಷ ಪ್ರಾಥಮಿಕ ಗಣಿತ ಮತ್ತು ಭೌತಶಾಸ್ತ್ರ, ಆಮೇಲೆ ಬೀಜಗಣಿತ, ಕಲನಶಾಸ್ತ್ರ, ಯಂತ್ರಶಾಸ್ತ್ರ. ಹೀಗೆ ತನಗೆ ತಾನೇ ಪಠ್ಯಕ್ರಮ ಹಾಕಿಕೊಂಡು ಮೂರು ವರ್ಷ ಓದಿದನು. ಅಲ್ಲಿ ಕೆಲಸಕ್ಕಿದ್ದ ನಿಕೊಲಾಯ್ ಫ್ಯೋದೊರೋವ್ ಎಂಬ ಗ್ರಂಥಪಾಲಕನು ದೊಡ್ಡ ಚಿಂತಕ. ಆತನು ಈ ಕಿವುಡ ಹುಡುಗನನ್ನು ಕಂಡು, ಇತರರಿಗೆ ಕೊಡದ ಪುಸ್ತಕಗಳನ್ನೂ ತೆಗೆದುಕೊಟ್ಟನು. ನಮ್ಮ ಮನೆಯಲ್ಲಿ ಕಾಲೇಜಿಗೆ ಬಂದವರಲ್ಲಿ ನಾನೇ ಮೊದಲಿಗ. ಯಾವ ಪುಸ್ತಕದ ಬಳಿಕ ಯಾವುದನ್ನು ಓದಬೇಕೆಂದು ಹೇಳುವವರು ಮನೆಯಲ್ಲಿಲ್ಲದವನಿಗೆ ಗ್ರಂಥಾಲಯದ ಮೇಜಿನ ಹಿಂದೆ ಕುಳಿತ ಒಬ್ಬ ಸಹೃದಯನು ಎಂಥ ಆಸರೆಯೆಂಬುದನ್ನು ನಾನು ಬಲ್ಲೆ.

ಆ ಮೂರು ವರ್ಷಗಳ ಖರ್ಚುವೆಚ್ಚದ ವಿವರ ಆತನ ಆತ್ಮಕಥೆಯಲ್ಲಿದೆ. ತಂದೆ ತಿಂಗಳಿಗೆ ಕಳುಹಿಸುತ್ತಿದ್ದುದು ಹತ್ತು ಹದಿನೈದು ರೂಬಲ್. ಹುಡುಗನು ಮೂರು ದಿನಕ್ಕೊಮ್ಮೆ ಅಂಗಡಿಗೆ ಹೋಗಿ ಒಂಬತ್ತು ಕೊಪೆಕ್ಕಿಗೆ ಕಪ್ಪು ರೊಟ್ಟಿ ಕೊಳ್ಳುತ್ತಿದ್ದನು. ಎಂದರೆ ಊಟದ ಖರ್ಚು ತಿಂಗಳಿಗೆ ತೊಂಬತ್ತು ಕೊಪೆಕ್. ಒಂದು ರೂಬಲ್ಲೂ ಆಗಲಿಲ್ಲ. ಮಿಕ್ಕ ಹಣವೆಲ್ಲ ಪುಸ್ತಕಗಳಿಗೆ, ಗಾಜಿನ ಕೊಳವೆಗಳಿಗೆ, ಪಾದರಸಕ್ಕೆ, ಗಂಧಕಾಮ್ಲಕ್ಕೆ. ಬಟ್ಟೆಯ ಮೇಲೆ ಆಮ್ಲ ಬಿದ್ದು ತೂತುಗಳಾಗಿದ್ದವು. ಹೊಟ್ಟೆಯನ್ನು ಹಗುರ ಮಾಡಿ ಬುದ್ಧಿಯನ್ನು ಭಾರ ಮಾಡಿಕೊಳ್ಳುವ ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು. ಇದೇ ಬಗೆಯ ಲೆಕ್ಕವನ್ನು ಆತನು ಮುಂದೆ ರಾಕೆಟ್ಟಿಗೂ ಹಾಕಿದನು.

ಮಗನು ಸೊರಗಿರುವ ಸುದ್ದಿ ತಿಳಿದು ತಂದೆ ೧೮೭೬ರಲ್ಲಿ ಅವನನ್ನು ಊರಿಗೆ ಕರೆಸಿಕೊಂಡನು. ೧೮೭೯ರಲ್ಲಿ ಆತನು ಖಾಸಗಿಯಾಗಿ ಉಪಾಧ್ಯಾಯರ ಪರೀಕ್ಷೆಗೆ ಕಟ್ಟಿ ತೇರ್ಗಡೆಯಾದನು. ಮರುವರ್ಷ ಬೊರೋವ್‌ಸ್ಕ್ ಎಂಬ ಸಣ್ಣ ಪಟ್ಟಣದಲ್ಲಿ ಅಂಕಗಣಿತ ಮತ್ತು ರೇಖಾಗಣಿತಗಳ ಮೇಷ್ಟ್ರಾದನು. ತಾನು ಬಾಡಿಗೆಗಿದ್ದ ಮನೆಯ ಪಾದ್ರಿಯ ಮಗಳು ವಾರ್ವಾರಾಳನ್ನು ಮದುವೆಯಾದನು. ಮಕ್ಕಳ ಮಾತು ಕೇಳಿಸಿಕೊಳ್ಳಲು ತಾನೇ ತಗಡಿನ ಕೊಳವೆಗಳನ್ನು ಮಾಡಿಕೊಂಡು ಕಿವಿಗೆ ಹಿಡಿಯುತ್ತಿದ್ದನು. ಸಂಜೆಯ ಹೊತ್ತು ಆತನ ಸಂಶೋಧನೆಯ ಹೊತ್ತು.

ಒಂಟಿಯಾಗಿ ಕಲಿಯುವವನಿಗೆ ಒದಗುವ ಕಷ್ಟವೊಂದುಂಟು. ೧೮೮೧ರಲ್ಲಿ ಅನಿಲಗಳ ಚಲನೆಯ ಸಿದ್ಧಾಂತವನ್ನು ತಾನೇ ಕಂಡುಹಿಡಿದು, ಆ ಪ್ರಬಂಧವನ್ನು ಸೇಂಟ್ ಪೀಟರ್ಸ್‌ಬರ್ಗಿನ ಭೌತ ಮತ್ತು ರಸಾಯನಶಾಸ್ತ್ರ ಸಂಘಕ್ಕೆ ಕಳುಹಿಸಿದನು. ಆ ಸಿದ್ಧಾಂತವು ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆಯೇ ಲೋಕಕ್ಕೆ ತಿಳಿದಿತ್ತು! ಬೊರೋವ್‌ಸ್ಕಿಗೆ ಮಾತ್ರ ಆ ಸುದ್ದಿ ಬಂದಿರಲಿಲ್ಲ. ಬೇರೆಯವನಾಗಿದ್ದರೆ ಲೇಖನಿಯನ್ನು ಕೆಳಗಿಡುತ್ತಿದ್ದನೇನೋ. ಈತನು ಬೇರೆ ಯಾರೂ ಮುಟ್ಟದ ವಿಷಯದ ಕಡೆ ತಿರುಗಿದನು. ೧೮೮೩ರಲ್ಲಿ, ಗಾಳಿಯೂ ಆಧಾರವೂ ಇಲ್ಲದ ಬಯಲಿನಲ್ಲಿ ವಸ್ತುಗಳು ಹೇಗೆ ಚಲಿಸುವುವೆಂದು ದಿನಚರಿಯ ರೂಪದಲ್ಲಿ ಬರೆದನು. ಹಿಂದಕ್ಕೆ ಏನನ್ನಾದರೂ ಎಸೆದು ಮುಂದಕ್ಕೆ ಸಾಗುವುದೊಂದೇ ಅಲ್ಲಿರುವ ದಾರಿಯೆಂದು ಆಗಲೇ ಆತನಿಗೆ ಹೊಳೆದಿತ್ತು.

೧೮೯೨ರಲ್ಲಿ ಆತನಿಗೆ ಕಾಲೂಗಾ ಪಟ್ಟಣಕ್ಕೆ ವರ್ಗವಾಯಿತು. ಓಕಾ ನದಿಯ ದಂಡೆಯ ಆ ಊರಿನಲ್ಲೇ ಮಿಕ್ಕ ಬಾಳೆಲ್ಲ ಕಳೆಯಿತು. ಪೂರಾ ಲೋಹದ ಆಕಾಶನೌಕೆಯ ನಕ್ಷೆಗಳನ್ನು ಬರೆದನು. ಅದಕ್ಕೆ ಧನಸಹಾಯ ಸಿಕ್ಕಲಿಲ್ಲ. ೧೮೯೭ರಲ್ಲಿ, ಗಾಳಿಯು ವಸ್ತುಗಳನ್ನು ಎಷ್ಟು ತಡೆಯುವುದೆಂದು ಅಳೆಯಲು ಮನೆಯಲ್ಲೇ ಒಂದು ಗಾಳಿಯ ಸುರಂಗವನ್ನು ಕಟ್ಟಿದನು. ವಿಜ್ಞಾನ ಅಕಾಡೆಮಿಯವರು ಈ ಪ್ರಯೋಗಗಳಿಗೆಂದು ೪೭೦ ರೂಬಲ್ ಕೊಟ್ಟರು. ತ್ಸಾರ್ ದೊರೆಗಳ ಕಾಲದಲ್ಲಿ ಆತನ ಸಂಶೋಧನೆಗೆ ದೊರೆತ ದೊಡ್ಡ ನೆರವೆಂದರೆ ಇದೇ.

ಆ ೧೮೯೭ನೆಯ ವರ್ಷದಲ್ಲೇ ರಾಕೆಟ್ಟಿನ ಸೂತ್ರವೂ ಆತನ ಕಾಗದದ ಮೇಲೆ ಮೂಡಿತು. ಅದನ್ನು ನಾನು ಅರ್ಥಮಾಡಿಕೊಂಡ ಬಗೆಯಲ್ಲಿ ಹೇಳುತ್ತೇನೆ. ನಿಂತ ನೀರಿನ ಮೇಲೆ ಹರಿಗೋಲಿನಲ್ಲಿ ಒಬ್ಬನು ಕಲ್ಲುಗಳ ರಾಶಿಯೊಡನೆ ಕುಳಿತಿದ್ದಾನೆ ಎನ್ನೋಣ. ಹುಟ್ಟಿಲ್ಲ, ಗಳುವಿಲ್ಲ. ಅವನು ಒಂದೊಂದೇ ಕಲ್ಲನ್ನು ಬಲವಾಗಿ ಹಿಂದಕ್ಕೆ ಎಸೆದರೆ ಹರಿಗೋಲು ಮುಂದಕ್ಕೆ ಸರಿಯುವುದು. ಕಲ್ಲನ್ನು ಎಷ್ಟು ವೇಗವಾಗಿ ಎಸೆದರೆ ಅಷ್ಟು ಲಾಭ. ಆದರೆ ಇಲ್ಲೊಂದು ತೊಡಕಿದೆ: ಮೊದಲ ಕಲ್ಲು ಎಸೆಯುವಾಗ ಮಿಕ್ಕ ಕಲ್ಲುಗಳ ಭಾರವನ್ನೂ ತಳ್ಳಬೇಕು. ವೇಗ ಹೆಚ್ಚಬೇಕೆಂದು ಕಲ್ಲುಗಳನ್ನು ಹೆಚ್ಚು ಹೇರಿಕೊಂಡರೆ ಆ ಕಲ್ಲುಗಳನ್ನು ಹೊರುವುದಕ್ಕೇ ಇನ್ನಷ್ಟು ಕಲ್ಲು ಬೇಕಾಗುತ್ತದೆ. ರಾಕೆಟ್ಟಿನ ಇಂಧನವೇ ಈ ಕಲ್ಲು. ಹಿಂಬದಿಯ ಮೂತಿಯಿಂದ ಚಿಮ್ಮುವ ಬಿಸಿ ಅನಿಲವೇ ಎಸೆದ ಕಲ್ಲು.

ಸಂಖ್ಯೆಗಳಲ್ಲಿ ನೋಡಿದರೆ ಇದು ಇನ್ನೂ ಸ್ಪಷ್ಟ. ಅನಿಲವು ಸೆಕೆಂಡಿಗೆ ೩.೫ ಕಿಲೋಮೀಟರ್ ವೇಗದಲ್ಲಿ ಚಿಮ್ಮುವುದೆಂದು ಇಟ್ಟುಕೊಳ್ಳೋಣ. ಹೊರಡುವಾಗಿನ ತೂಕವು ಇಂಧನ ಮುಗಿದಾಗಿನ ತೂಕದ ಎರಡರಷ್ಟಿದ್ದರೆ ರಾಕೆಟ್ಟಿಗೆ ಸೆಕೆಂಡಿಗೆ ೨.೪ ಕಿಲೋಮೀಟರ್ ವೇಗ ಬರುವುದು. ನಾಲ್ಕರಷ್ಟಿದ್ದರೆ ಸುಮಾರು ೪.೯, ಎಂಟರಷ್ಟಿದ್ದರೆ ೭.೩, ಹದಿನಾರರಷ್ಟಿದ್ದರೆ ೯.೭. ತೂಕವನ್ನು ಪ್ರತಿ ಸಲ ಇಮ್ಮಡಿ ಮಾಡಿದರೂ ವೇಗಕ್ಕೆ ಕೂಡುವುದು ಅದೇ ೨.೪. ಭೂಮಿಯನ್ನು ಸುತ್ತುವ ಕಕ್ಷೆಗೆ ಸೇರಲು, ಗಾಳಿಯ ತಡೆ ಮತ್ತು ಭೂಮಿಯ ಸೆಳೆತದ ನಷ್ಟಗಳನ್ನೂ ಸೇರಿಸಿ, ಒಂಬತ್ತು ಕಿಲೋಮೀಟರಿಗಿಂತ ಹೆಚ್ಚು ಬೇಕು. ಎಂದರೆ ತೂಕವು ಹದಿನಾರರಷ್ಟರ ಹತ್ತಿರಕ್ಕೆ ಬಂತು. ನಮ್ಮ ಹಿರಿಯರ ನಾಣ್ಯದ ಲೆಕ್ಕದಲ್ಲಿ ಹೇಳುವುದಾದರೆ, ರೂಪಾಯಿಗೆ ಹದಿನೈದಾಣೆ ಇಂಧನ. ಉಳಿದ ಒಂದಾಣೆಯಲ್ಲಿ ಎಂಜಿನ್ನು, ತೊಟ್ಟಿಗಳು, ಒಳಗಿರುವ ಸಾಮಾನು, ಮನುಷ್ಯ ಎಲ್ಲವೂ ಆಗಬೇಕು. ಅಂತರಿಕ್ಷಯಾನದ ಕಷ್ಟವೆಲ್ಲ ಈ ಒಂದಾಣೆಯಲ್ಲಿ ಅಡಗಿದೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ತೂಕ ಬದಲಾಗುತ್ತ ಹೋಗುವ ವಸ್ತುಗಳ ಚಲನೆಯನ್ನು ಅದೇ ೧೮೯೭ರಲ್ಲಿ ಇವಾನ್ ಮೆಶ್ಚೆರ್‌ಸ್ಕಿ ಎಂಬ ವಿದ್ವಾಂಸನೂ ತನ್ನ ಪ್ರಬಂಧದಲ್ಲಿ ವಿವೇಚಿಸಿದ್ದನು. ಮುಂದೆ ಅಮೆರಿಕದ ಗೊಡ್ಡಾರ್ಡ್ ಮತ್ತು ಜರ್ಮನ್ ಭಾಷೆಯಲ್ಲಿ ಬರೆದ ಓಬರ್ತ್ ಸ್ವತಂತ್ರವಾಗಿಯೇ ಇದೇ ದಾರಿಗೆ ಬಂದರು. ತ್ಸಿಯೋಲ್ಕೋವ್ಸ್ಕಿಯ ಹಿರಿಮೆ ಎಂದರೆ, ಆತನು ಸೂತ್ರವನ್ನು ಗಣಿತದ ಆಭರಣವಾಗಿ ಬಿಡದೆ, ಅದರಿಂದ ಮನುಷ್ಯನು ಭೂಮಿಯನ್ನು ಬಿಟ್ಟು ಹೋಗಬಹುದೇ ಎಂದು ಕೇಳಿ, ಹೋಗಬಹುದೆಂದು ಲೆಕ್ಕ ತೋರಿಸಿದುದು.

ಆ ಪ್ರಬಂಧದ ಮೊದಲ ಭಾಗವು ೧೯೦೩ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ರೈಟ್ ಸಹೋದರರ ವಿಮಾನವು ನೆಲಬಿಟ್ಟು ಎದ್ದುದು ಅದೇ ವರ್ಷದ ಡಿಸೆಂಬರಿನಲ್ಲಿ. ವಿಮಾನವೇ ಹಾರದಿದ್ದ ಕಾಲದಲ್ಲಿ ಈ ಮೇಷ್ಟ್ರು ದ್ರವ ಇಂಧನದ ರಾಕೆಟ್ಟಿನ ಚಿತ್ರ ಬರೆದಿದ್ದನು. ಬಾಣಬಿರುಸುಗಳ ಮದ್ದಿನಿಂದ ಈ ಕೆಲಸವಾಗದು; ಹೆಚ್ಚು ವೇಗವಾಗಿ ಚಿಮ್ಮುವ ಅನಿಲ ಬೇಕು; ಅದಕ್ಕೆ ದ್ರವರೂಪದ ಜಲಜನಕ ಮತ್ತು ದ್ರವರೂಪದ ಆಮ್ಲಜನಕ ತಕ್ಕ ಜೋಡಿ ಎಂದು ಸೂಚಿಸಿದನು. ಇಂಧನ ಉರಿಯುವ ಕೋಣೆಯ ಗೋಡೆಗಳು ಕರಗಿಹೋಗದಂತೆ ಆ ತಣ್ಣನೆಯ ದ್ರವದಿಂದಲೇ ಅವನ್ನು ತಂಪುಮಾಡಬಹುದೆಂದೂ ಕಂಡುಕೊಂಡನು. ಪತ್ರಿಕೆಯ ಸಂಪಾದಕನಾದ ಫಿಲಿಪ್ಪೋವ್ ಅದೇ ವರ್ಷ ತೀರಿಕೊಂಡನು, ಪತ್ರಿಕೆಯೂ ನಿಂತಿತು. ಎರಡನೆಯ ಭಾಗ ಅಚ್ಚಾಗಲು ೧೯೧೧ರವರೆಗೆ ಕಾಯಬೇಕಾಯಿತು.

ಈ ನಡುವಿನ ವರ್ಷಗಳು ಸಂಸಾರಕ್ಕೆ ಕಷ್ಟದ ವರ್ಷಗಳು. ೧೯೦೨ರಲ್ಲಿ ಮಗ ಇಗ್ನಾತಿ ಆತ್ಮಹತ್ಯೆ ಮಾಡಿಕೊಂಡನು. ೧೯೦೮ರಲ್ಲಿ ಓಕಾ ನದಿಯ ಪ್ರವಾಹವು ಮನೆಗೆ ನುಗ್ಗಿ ಬರಹಗಳನ್ನು ಹಾಳುಮಾಡಿತು. ಕ್ರಾಂತಿಕಾರರೊಡನೆ ಸೇರಿದಳೆಂದು ಮಗಳು ಲ್ಯುಬೋವ್ ೧೯೧೧ರಲ್ಲಿ ಸೆರೆಯಾದಳು. ಏಳು ಮಕ್ಕಳಲ್ಲಿ ಐವರು ತಂದೆಗಿಂತ ಮೊದಲೇ ಮಡಿದರು. ಮೇಷ್ಟ್ರ ಸಂಬಳದಲ್ಲಿ ಒಂದು ಪಾಲು ಕಿರುಹೊತ್ತಗೆಗಳನ್ನು ಅಚ್ಚುಹಾಕಿಸಲು ಹೋಗುತ್ತಿತ್ತು. ಮಾಸ್ಕೋದಲ್ಲಿ ಆತನು ತನ್ನ ಹೊಟ್ಟೆಯನ್ನು ಕಟ್ಟಿ ಪುಸ್ತಕ ಕೊಂಡನು. ಅದು ಆತನ ಹಕ್ಕು. ಕಾಲೂಗಾದಲ್ಲಿ ಆ ಮಿತವ್ಯಯದ ಭಾರವನ್ನು ಹೊತ್ತವರಲ್ಲಿ ವಾರ್ವಾರಾ ಮತ್ತು ಮಕ್ಕಳೂ ಇದ್ದರು. ಮಹಾಪುರುಷರ ಚರಿತ್ರೆಗಳಲ್ಲಿ ಅಡುಗೆಮನೆಯ ಲೆಕ್ಕವನ್ನು ಬಿಟ್ಟುಬಿಡುವ ಪದ್ಧತಿಯುಂಟು. ಒಂದಾಣೆಯಲ್ಲಿ ಮನೆ ನಡೆಸಿದವಳ ಹೆಸರನ್ನೂ ಹೇಳುವುದು ನ್ಯಾಯವೆಂದು ನನಗೆ ತೋರುತ್ತದೆ.

ಕ್ರಾಂತಿಯ ತರುವಾಯವೂ ದಾರಿ ಒಮ್ಮೆಗೇ ಹಸನಾಗಲಿಲ್ಲ. ೧೯೧೯ರಲ್ಲಿ ಸಂಶಯದ ಮೇಲೆ ಆತನನ್ನು ಹಿಡಿದು ಮಾಸ್ಕೋದ ಲುಬ್ಯಾಂಕಾ ಸೆರೆಮನೆಗೆ ಒಯ್ದು, ಕೆಲವು ದಿನಗಳ ಮೇಲೆ ಬಿಟ್ಟರು. ೧೯೨೧ರಲ್ಲಿ ಸರ್ಕಾರವು ಜೀವಾವಧಿ ಪಿಂಚಣಿ ಕೊಟ್ಟಿತು. ಅರವತ್ತನಾಲ್ಕರ ಮುದುಕನಿಗೆ ಮೊದಲ ಬಾರಿ ಬಿಡುವು ದೊರೆಯಿತು. ೧೯೨೩ರಲ್ಲಿ ಓಬರ್ತನ ಪುಸ್ತಕ ಹೊರಬಂದ ಮೇಲೆ ರಷ್ಯಾದಲ್ಲಿಯೂ ಜನರಿಗೆ ತಮ್ಮ ಮೇಷ್ಟ್ರ ನೆನಪಾಯಿತು. ಹಳೆಯ ಪ್ರಬಂಧ ಮತ್ತೆ ಅಚ್ಚಾಯಿತು. ೧೯೨೬ರಲ್ಲಿ ಅದನ್ನು ವಿಸ್ತರಿಸಿ ಹೊರತಂದನು.

ಈ ಕಾಲದ ಬರಹಗಳಲ್ಲಿ ಎರಡು ವಿಷಯಗಳು ನಮ್ಮ ಇಂದಿನ ಪ್ರಸ್ತಾಪಕ್ಕೆ ಮುಖ್ಯವಾದುವು. ಒಂದು, ಇಂಧನ. ಜಲಜನಕವು ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲಾದರೂ ಅದನ್ನು ದ್ರವವಾಗಿ ಇಟ್ಟುಕೊಳ್ಳುವುದು ಬಹಳ ಕಷ್ಟ. ಆದುದರಿಂದ ಆತನು ಇಂಗಾಲವೂ ಜಲಜನಕವೂ ಕೂಡಿದ ಹೈಡ್ರೋಕಾರ್ಬನ್ ದ್ರವಗಳ ಕಡೆ ಒಲಿದನು. ಎರಡು, ರಾಕೆಟ್ಟುಗಳ ರೈಲು. ೧೯೨೯ರ ಪುಸ್ತಕದಲ್ಲಿ ಆತನು ಹಲವು ರಾಕೆಟ್ಟುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿದನು. ಒಂದು ತನ್ನ ಇಂಧನ ಮುಗಿಸಿ ಕಳಚಿಕೊಂಡ ಮೇಲೆ ಮತ್ತೊಂದು ಉರಿಯುವುದು. ಖಾಲಿಯಾದುದನ್ನು ಹೊರುವ ದಂಡ ತಪ್ಪುವುದು. ಒಂದು ಭಾಗ ಮಾತ್ರ ಅಂತರಿಕ್ಷಕ್ಕೆ ಹೋಗುವುದು; ಸಾಕಷ್ಟು ವೇಗ ಗಳಿಸದ ಉಳಿದ ಭಾಗಗಳು ಭೂಮಿಗೆ ಹಿಂದಿರುಗುವುವು ಎಂದು ಆತನು ಅಲ್ಲಿ ಬರೆದಿದ್ದಾನೆ. ಮೇಲಿನಿಂದ ಬರುವ ನೌಕೆಯ ವೇಗವನ್ನು ತಗ್ಗಿಸಲು ಇಂಧನವನ್ನೇ ಸುಡಬೇಕಾಗಿಲ್ಲ, ಗಾಳಿಯ ತಡೆಯನ್ನು ಬಳಸಬಹುದು ಎಂಬುದೂ ಆತನ ವಿಚಾರವೇ. ಇಲ್ಲಿಯೂ ಅದೇ ಮಿತವ್ಯಯ: ಪುಕ್ಕಟೆಯಾಗಿ ದೊರೆಯುವುದಕ್ಕೆ ಹಣ ತೆರಬಾರದು.

ಆತನು ಎಂಜಿನ್ ಒಂದನ್ನೂ ಕಟ್ಟಲಿಲ್ಲ. ೧೯೩೫ನೆಯ ಸೆಪ್ಟೆಂಬರ್ ೧೯ರಂದು, ಹೊಟ್ಟೆಯ ಅರ್ಬುದ ರೋಗದಿಂದ ಕಾಲೂಗಾದಲ್ಲಿ ತೀರಿಕೊಂಡನು. ಬೀಜ ಮಾತ್ರ ಬೇರೆಯವರ ಹೊಲದಲ್ಲಿ ಮೊಳೆಯಿತು. ೧೯೨೩ರಲ್ಲಿ ಒಡೆಸ್ಸಾ ನಗರದ ಹದಿನೈದು ವರ್ಷದ ಶಾಲಾಬಾಲಕ ವಲೆಂಟಿನ್ ಗ್ಲುಷ್ಕೋ ಆತನಿಗೆ ಕಾಗದ ಬರೆದಿದ್ದನು. ಮುದುಕನು ಉತ್ತರ ಬರೆದು ತನ್ನ ಪುಸ್ತಕಗಳನ್ನು ಕಳುಹಿಸಿದ್ದನು. ಆ ಹುಡುಗನೇ ದೊಡ್ಡವನಾಗಿ, ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕಗಳನ್ನು ಉರಿಸುವ ಎಂಜಿನ್ನುಗಳನ್ನು ರಚಿಸಿದನು. ಮೇಷ್ಟ್ರ ಜನ್ಮಶತಾಬ್ದಿ ಕಳೆದು ಹದಿನೇಳು ದಿನಕ್ಕೆ, ೧೯೫೭ನೆಯ ಅಕ್ಟೋಬರ್ ೪ರಂದು, ಸ್ಪುಟ್ನಿಕ್ ಉಪಗ್ರಹವನ್ನು ಮೇಲಕ್ಕೆ ಒಯ್ದುವು ಆ ಎಂಜಿನ್ನುಗಳೇ.

ಇನ್ನು ಮೀಥೇನಿನ ಕಥೆ. ಇದನ್ನು ರಾಕೆಟ್ಟಿನಲ್ಲಿ ಮೊದಲು ಉರಿಸಿದವರಲ್ಲಿ ಜರ್ಮನಿಯ ಜೋಹಾನ್ಸ್ ವಿಂಕ್ಲರ್ ಮುಖ್ಯನು. ೧೯೩೧ನೆಯ ಮಾರ್ಚ್ ೧೪ರಂದು ಡೆಸ್ಸಾವ್ ಪಟ್ಟಣದ ಬಳಿ ಆತನು ಹಾರಿಸಿದ ಪುಟ್ಟ ರಾಕೆಟ್ಟಿನಲ್ಲಿ ದ್ರವ ಮೀಥೇನ್ ಮತ್ತು ದ್ರವ ಆಮ್ಲಜನಕ ಇದ್ದುವು. ಅದು ಬಹಳ ಎತ್ತರಕ್ಕೇನೂ ಹೋಗಲಿಲ್ಲ. ತ್ಸಿಯೋಲ್ಕೋವ್ಸ್ಕಿ ಆಗ ಕಾಲೂಗಾದಲ್ಲಿ ಬದುಕಿದ್ದನು. ಆಮೇಲೆ ಬಹುಕಾಲ ಮೀಥೇನನ್ನು ಹೆಚ್ಚಾಗಿ ಯಾರೂ ಮೂಸಿ ನೋಡಲಿಲ್ಲ. ಸೀಮೆಎಣ್ಣೆಗಿಂತ ಅದರಿಂದ ಸಿಗುವ ಲಾಭ ಸ್ವಲ್ಪವೇ. ಕಷ್ಟವೋ ಹೆಚ್ಚು ಎಂದು ಭಾವಿಸಿದರು.

ಈ ಎಣಿಕೆ ತಿರುಗಿದುದು ರಾಕೆಟ್ಟನ್ನು ಮತ್ತೆ ಮತ್ತೆ ಹಾರಿಸಬೇಕೆಂಬ ಹಂಬಲ ಬಂದಾಗ. ಸೀಮೆಎಣ್ಣೆಯ ಬುಡ್ಡಿ ಉರಿದ ಮನೆಯಲ್ಲಿ ಗಾಜಿಗೂ ಗೋಡೆಗೂ ಮಸಿ ಹತ್ತುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಗೋಬರ್ ಅನಿಲದ ಒಲೆಯ ಮೇಲಿಟ್ಟ ಪಾತ್ರೆಗೆ ಅಂಥ ಮಸಿ ಹತ್ತದು. ಅದರ ಜ್ವಾಲೆ ನೀಲಿ. ಆ ಅನಿಲದಲ್ಲಿ ಉರಿಯುವ ಪದಾರ್ಥ ಮೀಥೇನೇ. ಅದರ ಅಣುವಿನಲ್ಲಿರುವುದು ಒಂದೇ ಇಂಗಾಲ, ಅದಕ್ಕೆ ನಾಲ್ಕು ಜಲಜನಕ. ಎಂಜಿನ್ನಿನ ಸಣ್ಣ ನಾಳಗಳಲ್ಲಿ ಸೀಮೆಎಣ್ಣೆ ಕಾದು ಜಿಡ್ಡುಗಟ್ಟುವಂತೆ ಮೀಥೇನ್ ಕಟ್ಟುವುದಿಲ್ಲ. ಸೀಮೆಎಣ್ಣೆಯ ರಾಕೆಟ್ಟನ್ನು ಮರಳಿ ಹಾರಿಸಲಾಗದೆಂದಲ್ಲ. ಅಮೆರಿಕದ ಸ್ಪೇಸ್‌ಎಕ್ಸ್ ಕಂಪೆನಿ ೨೦೧೭ರಿಂದ ಹಾಗೆ ಹಾರಿಸುತ್ತ ಬಂದಿದೆ. ಆದರೆ ತೊಳೆಯುವ ಪಾತ್ರೆಗೆ ಮಸಿ ಕಡಿಮೆಯಿದ್ದಷ್ಟೂ ಕೆಲಸ ಬೇಗ.

ಇಂಧನಗಳ ತಕ್ಕಡಿಯಲ್ಲಿ ಮೀಥೇನಿನ ಸ್ಥಾನ ನಡುಮಧ್ಯದ್ದು. ನಿರ್ವಾತದಲ್ಲಿ ಅನಿಲ ಚಿಮ್ಮುವ ವೇಗವು ಜಲಜನಕಕ್ಕೆ ಸೆಕೆಂಡಿಗೆ ಸುಮಾರು ೪.೪ ಕಿಲೋಮೀಟರ್, ಮೀಥೇನಿಗೆ ೩.೬, ಸೀಮೆಎಣ್ಣೆಗೆ ೩.೩. ವೇಗವೊಂದನ್ನೇ ನೋಡಿದರೆ ಜಲಜನಕವೇ ರಾಜ. ಆದರೆ ಒಂದು ಲೀಟರ್ ದ್ರವ ಜಲಜನಕ ತೂಗುವುದು ಎಪ್ಪತ್ತು ಗ್ರಾಂ ಮಾತ್ರ. ಅದನ್ನು ತುಂಬಲು ಕಣಜದಂಥ ತೊಟ್ಟಿ ಬೇಕು, ಸೊನ್ನೆಗಿಂತ ೨೫೩ ಡಿಗ್ರಿ ಕೆಳಗಿನ ತಂಪಿನಲ್ಲಿ ಅದನ್ನು ಕಾಯಬೇಕು. ಮೀಥೇನ್ ಲೀಟರಿಗೆ ೪೨೦ ಗ್ರಾಂ ತೂಗುತ್ತದೆ. ಅದು ಕುದಿಯುವುದು ಸೊನ್ನೆಗಿಂತ ೧೬೧ ಡಿಗ್ರಿ ಕೆಳಗೆ. ಜೊತೆಗಾರನಾದ ಆಮ್ಲಜನಕ ಕುದಿಯುವುದು ೧೮೩ ಡಿಗ್ರಿ ಕೆಳಗೆ. ಎರಡರ ತಂಪೂ ಹತ್ತಿರ ಹತ್ತಿರ ಇರುವುದರಿಂದ ತೊಟ್ಟಿಗಳನ್ನು ಒಂದಕ್ಕೊಂದು ತಾಗಿಸಿ, ನಡುವೆ ಒಂದೇ ಗೋಡೆಯಿಟ್ಟು ಕಟ್ಟಬಹುದು. ಗೋಡೆಯೊಂದು ಉಳಿದರೆ ಒಂದಾಣೆಯಲ್ಲಿ ಅಷ್ಟು ಉಳಿದಂತೆ.

ಸ್ಪೇಸ್‌ಎಕ್ಸಿನ ರ್‍ಯಾಪ್ಟರ್ ಎಂಬ ಎಂಜಿನ್ನಿನಲ್ಲಿ ಈ ಜಿಪುಣತನ ಇನ್ನೂ ಮುಂದೆ ಹೋಗಿದೆ. ಪಂಪುಗಳ ಚಕ್ರವನ್ನು ತಿರುಗಿಸಿದ ಅನಿಲವನ್ನು ಹೊರಗೆ ಚೆಲ್ಲದೆ, ಇಂಧನದ ಕಡೆಯದನ್ನೂ ಆಮ್ಲಜನಕದ ಕಡೆಯದನ್ನೂ ಪೂರ್ತಿಯಾಗಿ ಮುಖ್ಯ ಕೋಣೆಗೆ ತಂದು ಉರಿಸುತ್ತಾರೆ. ಅಂಥ ಮೂವತ್ತಮೂರು ಎಂಜಿನ್ನುಗಳಿರುವ ಕೆಳಹಂತವೊಂದು ೨೦೨೪ನೆಯ ಅಕ್ಟೋಬರ್ ೧೩ರಂದು ಹಾರಿದ ಜಾಗಕ್ಕೇ ಹಿಂದಿರುಗಿತು. ಗೋಪುರದ ಎರಡು ತೋಳುಗಳು ಅದನ್ನು ಹಿಡಿದುಕೊಂಡುವು. ೨೦೨೫ನೆಯ ಮೇ ೨೭ರಂದು, ಹಿಂದೆ ಒಮ್ಮೆ ಹಾರಿದ್ದ ಕೆಳಹಂತವು ಮತ್ತೆ ಹಾರಿತು. ಇಳಿಯುವ ಹೊತ್ತಿಗೆ ಮಾತ್ರ ನಾಶವಾಯಿತು. ಈ ಎಲ್ಲಕ್ಕೂ ಮೊದಲು, ೨೦೨೩ನೆಯ ಜುಲೈ ೧೨ರಂದು, ಚೀನಾದ ಲ್ಯಾಂಡ್‌ಸ್ಪೇಸ್ ಎಂಬ ಖಾಸಗಿ ಕಂಪೆನಿಯ ರಾಕೆಟ್ಟು ಮೀಥೇನನ್ನು ಉರಿಸಿ ಕಕ್ಷೆ ಸೇರಿದ ಮೊದಲನೆಯದಾಗಿತ್ತು. ೨೦೨೫ನೆಯ ನವೆಂಬರ್ ೧೩ರಂದು ಬ್ಲೂ ಒರಿಜಿನ್ ಕಂಪೆನಿಯ ಮೀಥೇನ್ ರಾಕೆಟ್ಟಿನ ಕೆಳಹಂತವು ಕಡಲಿನ ಮೇಲಿನ ಹಡಗಿಗೆ ಬಂದು ಇಳಿಯಿತು. ಹಿಂದಿರುಗುವ ರಾಕೆಟ್ಟು ಅದಕ್ಕಾಗಿ ಸ್ವಲ್ಪ ಇಂಧನವನ್ನು ಉಳಿಸಿಕೊಳ್ಳಬೇಕು, ಇಳಿಯುವ ಸಲಕರಣೆಯನ್ನು ಹೊರಬೇಕು. ಅಷ್ಟರ ಮಟ್ಟಿಗೆ ಸಾಮಾನು ಕಡಿಮೆ. ಒಂದು ಪ್ರಯಾಣದ ಗಳಿಕೆಯನ್ನು ಕೊಂಚ ಬಿಟ್ಟು, ಹಲವು ಪ್ರಯಾಣಗಳಿಗೆ ಯಂತ್ರವನ್ನು ಉಳಿಸಿಕೊಳ್ಳುವ ವ್ಯಾಪಾರ ಇದು. ಈ ವ್ಯಾಪಾರದ ಲಾಭನಷ್ಟವನ್ನು ಇಂದಿಗೂ ನೋಡುವುದು ೧೮೯೭ರ ಆ ಸೂತ್ರದಿಂದಲೇ.

ನಮ್ಮ ನಾಡಿಗೂ ಈ ಲೆಕ್ಕ ಬಂದು ಮುಟ್ಟಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೋ ಸಂಸ್ಥೆಯು ಮೀಥೇನ್ ಎಂಜಿನ್ನಿನ ಕೆಲಸವನ್ನು ಕೈಗೊಂಡಿದೆ. ಕೆಳಹಂತವನ್ನು ಮರಳಿ ಬಳಸಬಹುದಾದ ಮುಂದಿನ ಪೀಳಿಗೆಯ ರಾಕೆಟ್ಟಿಗೆ ೨೦೨೪ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ ೨೦೨೩ ಮತ್ತು ೨೦೨೪ರಲ್ಲಿ ಮೂರು ಸಲ, ರೆಕ್ಕೆಯುಳ್ಳ ಪ್ರಯೋಗನೌಕೆಯೊಂದನ್ನು ಹೆಲಿಕಾಪ್ಟರಿನಿಂದ ಮೇಲೆ ಬಿಟ್ಟರು. ಅದು ತಾನಾಗಿಯೇ ದಾರಿ ಹಿಡಿದು, ತೇಲಿಬಂದು, ಓಡುದಾರಿಯ ಮೇಲೆ ಇಳಿಯಿತು. ಎಂಜಿನ್ನನ್ನು ಉರಿಸದೆ ಗಾಳಿಯನ್ನು ನಂಬಿ ಇಳಿಯುವ ಆ ನೌಕೆಯ ಸುದ್ದಿಯನ್ನು ಓದಿದಾಗ ನನಗೆ ಕಾಲೂಗಾದ ಮೇಷ್ಟ್ರ ವಿಚಾರ ನೆನಪಾಯಿತು.

ತ್ಸಿಯೋಲ್ಕೋವ್ಸ್ಕಿಯನ್ನು ದೇವರನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಸೋವಿಯತ್ ಸರ್ಕಾರವು ತನ್ನ ಹಿರಿಮೆಗಾಗಿ ಆತನ ವಿಗ್ರಹವನ್ನು ದೊಡ್ಡದಾಗಿಯೇ ಕಡೆಯಿತು. ಆತನ ತತ್ತ್ವವಿಚಾರದ ಬರಹಗಳಲ್ಲಿ, ನೋವುಣ್ಣುವ ಅಪೂರ್ಣ ಜೀವಿಗಳನ್ನು ಇಲ್ಲವಾಗಿಸಿ ವಿಶ್ವವನ್ನು ಪರಿಪೂರ್ಣ ಜೀವಿಗಳಿಂದ ತುಂಬಬೇಕೆಂಬ ಮಾತುಗಳಿವೆ. ಅವನ್ನು ಒಪ್ಪಲು ನನ್ನಿಂದಾಗದು. ಜ್ವರದಲ್ಲಿ ಕಿವಿ ಕಳೆದುಕೊಂಡ ಬಡ ಹುಡುಗನನ್ನು ಅಪೂರ್ಣನೆಂದು ಯಾರಾದರೂ ಬದಿಗೆ ಸರಿಸಿದ್ದರೆ ಆ ಸೂತ್ರವನ್ನು ಕಾಲೂಗಾದಲ್ಲಿ ಬರೆಯುವವರು ಯಾರಿದ್ದರು? ಆತನ ಬಾಳೇ ಆತನ ಆ ವಿಚಾರಕ್ಕೆ ಉತ್ತರ.

ಎಂಜಿನ್ನು ಕಟ್ಟಲು ಸಾವಿರಾರು ಜನರ ಕೈಯೂ ಕೋಟಿಗಟ್ಟಲೆ ಹಣವೂ ಬೇಕು. ಅದು ಮೇಷ್ಟ್ರ ಬಳಿ ಇರಲಿಲ್ಲ; ನಮ್ಮಂಥ ಕಾಲೇಜುಗಳಲ್ಲಿಯೂ ಇಲ್ಲ. ಆದರೆ ಕಟ್ಟುವುದಕ್ಕೆ ಮೊದಲು ಯಾರಾದರೂ ಕುಳಿತು, ಏನು ಹೊರಬೇಕು, ಏನು ಬಿಡಬೇಕು, ಎಷ್ಟು ಉಳಿಯುವುದು ಎಂದು ಪ್ರಾಮಾಣಿಕವಾಗಿ ಬರೆದಿಡಬೇಕು. ಆ ಕೆಲಸಕ್ಕೆ ಬೇಕಾಗುವುದು ತೆರೆದ ಬಾಗಿಲಿನ ಒಂದು ಗ್ರಂಥಾಲಯ, ಪುಸ್ತಕ ತೆಗೆದುಕೊಡುವ ಒಬ್ಬ ಪುಣ್ಯಾತ್ಮ, ಮತ್ತು ಯಾರೂ ಮೆಚ್ಚದಿದ್ದರೂ ಲೆಕ್ಕವನ್ನು ಅರ್ಧಕ್ಕೆ ಬಿಡದ ಒಂದು ಹಟ. ಚೆರ್ಟ್ಕೋವ್ ಗ್ರಂಥಾಲಯದವರು ಆ ಹುಡುಗನಿಂದ ಕಾಸೊಂದನ್ನೂ ತೆಗೆದುಕೊಳ್ಳಲಿಲ್ಲ. ಅವರ ಖರ್ಚಿನ ಪುಸ್ತಕದಲ್ಲಿ ಅದನ್ನು ಯಾವ ಬಾಬಿಗೆ ಬರೆದುಕೊಂಡರೋ! ಅಷ್ಟು ಲಾಭ ತಂದ ಖರ್ಚು ಬೇರೊಂದಿರಲಾರದು.